ಎಂಟು ಚಿತ್ರಗಳ ಓಟ

ಜಪಾನಿನ ಚಿತ್ರಕಥೆಗಳಿಗೆ ‘ಮಾಂಗಾ’ ಎಂದೂ ಅಲ್ಲಿಯ ಚಲಿಸುವ ಚಿತ್ರಗಳಿಗೆ ‘ಅನಿಮೆ’ ಎಂದೂ ಹೆಸರು. ಅನಿಮೆಯನ್ನು ನೋಡಿದ ವಾಚಕರು ಒಂದು ಸಂಗತಿಯನ್ನು ಗಮನಿಸಿರಬಹುದು. ಮಾತನಾಡುವ ಪಾತ್ರದ ತುಟಿಗಳಷ್ಟೆ ಅಲುಗುತ್ತವೆ. ಮುಖ, ಮೈ, ಕೂದಲು ಎಲ್ಲವೂ ಕಲ್ಲಿನಂತೆ ನಿಂತಿರುತ್ತವೆ. ಆದರೂ ಆ ಪಾತ್ರಕ್ಕೆ ಜೀವವಿದೆಯೆಂಬ ನಮ್ಮ ಭಾವನೆಗೆ ಭಂಗ ಬರುವುದಿಲ್ಲ. ಇದು ಹೇಗೆ?

ಮೊದಲು ಲೆಕ್ಕವನ್ನು ನೋಡೋಣ. ಚಲಚ್ಚಿತ್ರದ ಸುರುಳಿಯು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಒಂದೊಂದು ಚಿತ್ರವನ್ನೂ ಎರಡೆರಡು ಚೌಕಟ್ಟುಗಳಲ್ಲಿ ಹಿಡಿದರೆ ಸೆಕೆಂಡಿಗೆ 12 ಚಿತ್ರಗಳು ಸಾಕು. ಹಾಗಿದ್ದರೂ 25 ನಿಮಿಷಗಳ ಕಥೆಗೆ 18,000 ಚಿತ್ರಗಳು ಬೇಕಾದುವು. ಮೂರು ಮೂರು ಚೌಕಟ್ಟುಗಳಲ್ಲಿ ಹಿಡಿದರೆ ಸೆಕೆಂಡಿಗೆ 8, ಒಟ್ಟು 12,000. ವಾರಕ್ಕೊಂದು ಕಥೆಯನ್ನು ಒದಗಿಸಬೇಕಾದವರಿಗೆ ಇದೂ ಕೈಮೀರಿದ ಕೆಲಸವೇ.

ಬಿಡಿ ಚಿತ್ರಗಳು ಚಲನೆಯಾಗಿ ತೋರುವುದಕ್ಕೆ, ಬಿಂಬವು ಕಣ್ಣಿನಲ್ಲಿ ಕ್ಷಣಕಾಲ ಉಳಿಯುವುದೇ ಕಾರಣವೆಂದು ನಾವೂ ತರಗತಿಯಲ್ಲಿ ಬಹುಕಾಲ ಹೇಳುತ್ತಿದ್ದೆವು. ಈ ವಿವರಣೆ ಸಾಲದು. ಬಿಂಬ ಉಳಿಯುವುದೊಂದೇ ಕಾರಣವಾಗಿದ್ದರೆ ಹಳೆಯದೂ ಹೊಸದೂ ಒಂದರ ಮೇಲೊಂದು ಬಿದ್ದು ಕಲಸಿಹೋಗಬೇಕಾಗಿತ್ತಷ್ಟೆ. ಎರಡು ನಿಶ್ಚಲ ರೇಖೆಗಳನ್ನು ಅಲ್ಪ ಕಾಲಾಂತರದಲ್ಲಿ ಒಂದಾದಮೇಲೊಂದು ತೋರಿಸಿದರೆ, ನೋಡುವವನಿಗೆ ಒಂದೇ ರೇಖೆ ಸರಿದಂತೆ ಕಾಣುವುದೆಂದು 1912ರಲ್ಲಿ ಮಾಕ್ಸ್ ವರ್ಟ್‌ಹೈಮರ್ ಎಂಬ ಮನಶ್ಶಾಸ್ತ್ರಜ್ಞನು ವಿವರಿಸಿದನು. ನಡುವಣ ಚಲನೆಯನ್ನು ಕಟ್ಟಿಕೊಳ್ಳುವುದು ಮಿದುಳು. ಅದರ ಈ ಔದಾರ್ಯವೇ ಜಪಾನಿನ ಕಲಾವಿದರ ಬಂಡವಾಳ.

ಅಲ್ಲಿ ಈ ಕಲೆ ಚಿತ್ರಮಂದಿರಗಳಿಗೆ ಬಂದುದು 1917ರಲ್ಲಿ. ಆ ವರ್ಷದ ಒಂದು ಕಿರುಚಿತ್ರ, ಮೊಂಡು ಕತ್ತಿಯನ್ನು ಕೊಂಡು ಫಜೀತಿಪಟ್ಟ ಸಮುರಾಯಿಯ ಕಥೆ. ಇದರ ಪ್ರತಿಯೊಂದು ಒಸಾಕ ನಗರದ ಹಳೆಯ ವಸ್ತುಗಳ ಸಂತೆಯಲ್ಲಿ ದೊರೆತು 2008ರಲ್ಲಿ ಬೆಳಕಿಗೆ ಬಂದಿತು. ಆ ಕಾಲದ ಬಹುಪಾಲು ಚಿತ್ರಗಳಿಗೆ ಈ ಭಾಗ್ಯವಿಲ್ಲ. 1945ರಲ್ಲಿ ನೌಕಾಪಡೆಯ ಆಶ್ರಯದಲ್ಲಿ ‘ಮೊಮೊತಾರೊ’ ಕಥೆಯ 74 ನಿಮಿಷಗಳ ಯುದ್ಧಪ್ರಚಾರದ ಚಿತ್ರ ಸಿದ್ಧವಾಯಿತು. ಬಾಂಬುಗಳಿಂದ ಸುಟ್ಟ ಒಸಾಕದಲ್ಲಿ ಅದನ್ನು ಕಂಡು ಬೆರಗಾದವರಲ್ಲಿ ಹದಿನಾರರ ಹುಡುಗ ಒಸಾಮು ತೆಜುಕ ಒಬ್ಬನು.

ಮುಂದೆ ವೈದ್ಯಶಾಸ್ತ್ರವನ್ನು ಓದಿಯೂ ತೆಜುಕ ಮಾಂಗಾವನ್ನೇ ವೃತ್ತಿಯಾಗಿ ಹಿಡಿದರು. ಮಾಂಗಾದಲ್ಲಿ ಓಡುವವನ ಹಿಂದೆ ನಾಲ್ಕು ಗೆರೆಗಳನ್ನೆಳೆದರೆ ವೇಗವಾಯಿತು. ಒಂದು ಚೌಕದಿಂದ ಇನ್ನೊಂದಕ್ಕೆ ನಡೆದುದನ್ನು ಓದುಗನೇ ತುಂಬಿಕೊಳ್ಳುವನು. 1952ರಲ್ಲಿ ತಾವು ಆರಂಭಿಸಿದ ಯಂತ್ರಬಾಲಕನ ಕಥೆ ‘ತೆತ್ಸುವಾನ್ ಆತೊಮು’ವನ್ನು ಅವರು 1963ರ ಜನವರಿ 1ರಂದು ಟೆಲಿವಿಷನ್ನಿಗೆ ತಂದಾಗ ಈ ಅನುಭವ ನೆರವಾಯಿತು. ತುಟಿಗಳನ್ನು ಮಾತ್ರ ಬೇರೆ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಬರೆದರು. ಹಾರುವ ಬಾಲಕನ ಒಂದೇ ಚಿತ್ರದ ಹಿಂದೆ ಆಕಾಶವನ್ನು ಜಾರಿಸಿದರು. ಒಮ್ಮೆ ಬಳಸಿದ ಚಿತ್ರಗಳನ್ನು ಕಾದಿಟ್ಟು ಬೇರೆ ಕಥೆಗಳಲ್ಲಿ ಮತ್ತೆ ತೋರಿಸಿದರು. ಹೀಗೆ ಹತ್ತಾರು ಸಾವಿರಗಳ ಲೆಕ್ಕವು ಎರಡು ಮೂರು ಸಾವಿರಕ್ಕಿಳಿಯಿತು. 1966ರ ಕೊನೆಯವರೆಗೆ 193 ಕಂತುಗಳು ಬಂದುವು.

ಆದರೆ ಇದಕ್ಕೆ ತೆತ್ತ ಬೆಲೆಯನ್ನು ಮುಚ್ಚಿಡಲಾಗದು. ತೆಜುಕ ಕಂತುಗಳನ್ನು ತಯಾರಿಕೆಯ ವೆಚ್ಚಕ್ಕಿಂತ ಕಡಿಮೆ ದರಕ್ಕೆ ಮಾರಿದರು. ಆಟಿಕೆ, ಮಿಠಾಯಿಗಳ ಮೇಲೆ ಬಾಲಕನ ಚಿತ್ರವನ್ನು ಅಚ್ಚುಹಾಕುವ ಹಕ್ಕಿನಿಂದ ನಷ್ಟ ತುಂಬೀತೆಂಬುದು ಎಣಿಕೆ. ಮುಂದಿನವರಿಗೂ ಅದೇ ದರ ಅಳತೆಗೋಲಾಯಿತೆಂದು ಹಯಾವೊ ಮಿಯಾಜಾಕಿ ಮೊದಲಾದವರು ಆಕ್ಷೇಪಿಸಿದ್ದಾರೆ. ಆಕ್ಷೇಪ ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ತೆಜುಕ ಸ್ಥಾಪಿಸಿದ ‘ಮುಶಿ’ ಸಂಸ್ಥೆ 1973ರಲ್ಲಿ ದಿವಾಳಿಯಾಯಿತು. 1988ರ ‘ಅಕಿರಾ’ದಂತಹ ಚಿತ್ರಗಳು ಲಕ್ಷಕ್ಕೂ ಮೀರಿದ ಚಿತ್ರಗಳನ್ನು ಬರೆಯಿಸಿದುದುಂಟು. ವಾರದ ಕಂತುಗಳಲ್ಲಿ ಮಾತ್ರ ಸೆಕೆಂಡಿಗೆ ಎಂಟರ ಪದ್ಧತಿ, ಗಣಕಯಂತ್ರಗಳು ಬಂದ ಮೇಲೂ, ಬಿಟ್ಟುಹೋಗಿಲ್ಲ; ಎರಡು ಮುಖ್ಯ ಭಂಗಿಗಳ ನಡುವಣ ಚಿತ್ರಗಳನ್ನು ತುಂಬುವ ತರುಣರಿಗೆ ಇಂದಿಗೂ ಹೆಚ್ಚಾಗಿ ಸಿಗುವುದು ಚಿತ್ರಕ್ಕಿಷ್ಟೆಂಬ ಕೂಲಿಯೇ.