ಹಳೆಯ ಪಿಕಪ್ಪಿನ ಬೆನ್ನೆಲುಬು

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ ಚೌಡಾಪುರವನ್ನು ಅರಿಯದವರು ನಮ್ಮ ಸೀಮೆಯಲ್ಲಿ ವಿರಳ. ಭೀಮೆಯೂ ಅಮರಜೆಯೂ ಕೂಡುವ ದೇವಲ ಗಾಣಗಾಪುರಕ್ಕೆ ದತ್ತಭಕ್ತರು ಇಲ್ಲಿಂದಲೇ ತಿರುಗುವರು. ಸುಗ್ಗಿಯಲ್ಲಿ ತೊಗರಿಯ ಚೀಲಗಳೂ ಕಬ್ಬಿನ ಹೊರೆಗಳೂ ಈ ದಾರಿಯಲ್ಲಿಯೇ ಸಾಗುವುವು. ಎರೆಭೂಮಿಯ ಹೊಲದಾರಿಯಲ್ಲಿ ಒಂದು ಗಾಲಿ ಕುಣಿಯಲ್ಲಿ, ಇನ್ನೊಂದು ಗಾಲಿ ದಿಣ್ಣೆಯ ಮೇಲೆ ಇರುವಾಗ, ಮೇಲೆ ಹೇರಿದ ಭಾರವು ಗಾಡಿಯ ಮೈಯನ್ನು ಒದ್ದೆ ಬಟ್ಟೆಯಂತೆ ಹಿಂಡುವುದು.

ನಮ್ಮ ತೀರ್ಥರೂಪರು ಇಂತಹ ದಾರಿಯಲ್ಲಿಯೇ ಬಹುಕಾಲ ನಡೆಯಿಸಿದ ಪಿಕಪ್ಪೊಂದು ಹಿತ್ತಿಲ ಬೇವಿನ ಮರದ ಕೆಳಗೆ ನಿಂತಿತ್ತು. ಜೀಪಿನ ಜಾತಿಯದು, ಹಿಂದೆ ತೆರೆದ ಪೆಟ್ಟಿಗೆ. ಅದನ್ನು ಮರಳಿ ಓಡಿಸಬೇಕೆಂಬ ಹಂಬಲ ನನ್ನ ತಮ್ಮನಿಗೆ ಹುಟ್ಟಿತು. ಹಂಬಲವು ಒಳ್ಳೆಯದೇ, ಆದರೆ ಅವನು ಮೊದಲು ತಂದದ್ದು ನೀಲಿ ಬಣ್ಣದ ಡಬ್ಬಿಯನ್ನು! ಮನೆಗೆ ಬಂದ ಮುದಿ ಮಿಸ್ತ್ರಿಯು ಡಬ್ಬಿಯನ್ನು ನೋಡಿ ನಕ್ಕನು. “ಬಣ್ಣ ಆಮ್ಯಾಲ ಹಚ್ಚಿಸ್ರೀ ಸಾವ್ಕಾರ್ರ, ಮೊದ್ಲ ಇದರ ಎಲುಬು ನೋಡೂಣು” ಎಂದು, ಸುತ್ತಿಗೆಯನ್ನು ಹಿಡಿದು ಗಾಡಿಯ ಕೆಳಗೆ ತೂರಿದನು.

ಎಲುಬೆಂದರೆ ಚಾಸಿ. ಉದ್ದಕ್ಕೆ ಎರಡು ಉಕ್ಕಿನ ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು. ನೆಲದ ಮೇಲೆ ಮಲಗಿಸಿದ ಏಣಿಯೆಂದರೆ ತಪ್ಪಾಗದು. ಎಂಜಿನು, ಕಮಾನುಪಟ್ಟಿಗಳು, ಸ್ಟಿಯರಿಂಗಿನ ಪೆಟ್ಟಿಗೆ ಎಲ್ಲವೂ ಅದಕ್ಕೇ ಜೋತುಕೊಂಡಿರುವುವು. ಗಟ್ಟಿಯಾದ ಉಕ್ಕು ಸುತ್ತಿಗೆಗೆ ಗಂಟೆಯಂತೆ ದನಿಗೊಡುವುದು; ತುಕ್ಕು ತಿಂದದ್ದು ಮಡಕೆಯ ಬೋಕಿಯಂತೆ ಮಂಕಾಗಿ ನುಡಿಯುವುದು. ನಮ್ಮ ಗಾಡಿಯು ಹಿಂದಿನ ಬಲಗಡೆ, ಕಮಾನುಪಟ್ಟಿಯನ್ನು ತೂಗುಹಾಕಿದ ಕಡೆಯಲ್ಲಿ, ಮಂಕಾಗಿಯೇ ನುಡಿಯಿತು. ಕೆರೆದು ನೋಡಲು ಒಂದು ಬಿರುಕು. ಅದರ ಮೇಲೆ ಹಿಂದೆ ಯಾರೋ ಹಚ್ಚಿದ ಚೌಕ ತೇಪೆ. ಆ ತೇಪೆಯ ಅಂಚಿನಲ್ಲಿಯೇ ಹೊಸ ಬಿರುಕು!

ಇದೇಕೆ ಹೀಗೆಂದು ವಾಚಕರು ಕೇಳಬಹುದು. ತೊಲೆಗೆ ನೆಟ್ಟಗೆ ಅಡ್ಡಲಾಗಿ ಬೆಸುಗೆ ಹಾಕಿದರೆ, ಬಾಗುವಿಕೆಯ ಸೆಳೆತವೆಲ್ಲವೂ ಆ ಒಂದೇ ಗೆರೆಯ ಮೇಲೆ ಕೂಡುವುದು. ಬೆಸುಗೆಯ ಕಾವಿನಿಂದ ಪಕ್ಕದ ಉಕ್ಕಿನ ಗುಣವೂ ಬದಲಾಗಿರುವುದು. ಬಲ್ಲವರು ಮೊದಲು ಬಿರುಕಿನ ತುದಿಯಲ್ಲಿ ಸಣ್ಣ ರಂಧ್ರವನ್ನು ಕೊರೆದು ಅದು ಮುಂದೆ ಹರಿಯದಂತೆ ತಡೆಯುವರು. ಆಮೇಲೆ ಬಿರುಕನ್ನು ಕಾಲುವೆಯಂತೆ ತೋಡಿ ಬೆಸುಗೆಯಿಂದ ತುಂಬುವರು. ಮೇಲೆ ಹಚ್ಚುವ ತಗಡಿನ ತುದಿಗಳನ್ನು ಓರೆಯಾಗಿ ಕತ್ತರಿಸುವರು. ಓರೆಯಾದ ಅಂಚಿನಲ್ಲಿ ಸೆಳೆತವು ಹಂಚಿಹೋಗುವುದು. ಬೆಸುಗೆಗೆ ಮುಂಚೆ ಎಣ್ಣೆಯ ಟ್ಯಾಂಕನ್ನು ಕಳಚಿ ದೂರವಿಡುವುದನ್ನೂ ಬ್ಯಾಟರಿಯ ತಂತಿಯನ್ನು ಬಿಡಿಸುವುದನ್ನೂ ಮರೆಯಲಾಗದು. ಇದು ಹಿತ್ತಿಲ ಕೆಲಸವೆಂದು ಹುಡುಗರ ಕೈಗೆ ಕೊಡತಕ್ಕದ್ದೂ ಅಲ್ಲ.

ಆದರೆ ಬಿರುಕಿಗಿಂತ ಹೆಚ್ಚಿನ ಕೇಡು ಸೊಟ್ಟ. ಅದು ಕಣ್ಣಿಗೆ ಕಾಣದು. ಗಾಡಿಯನ್ನು ಗಾಲಿಗಳ ಮೇಲೆ ನಿಲ್ಲಿಸಿ ಅಳೆದರೆ ಸೋತ ಕಮಾನುಪಟ್ಟಿಗಳು ಮೋಸಮಾಡುವುವು. ಆದಕಾರಣ ಚಾಸಿಯನ್ನೇ ಸಮನಾದ ದಿಮ್ಮಿಗಳ ಮೇಲೆ ಏರಿಸಬೇಕು. ಗೌಂಡಿಗಳ ತೂಗುಗುಂಡನ್ನು ಎಡಬಲಗಳ ಒಂದೇ ಜಾತಿಯ ರಂಧ್ರಗಳಿಂದ ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದಿಂದ ಗುರುತಿಸಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಬೇಕು. ಕರ್ಣಗಳು ಸಮವಾದರೆ ಒಂದು ತೊಲೆಯು ಇನ್ನೊಂದಕ್ಕಿಂತ ಹಿಂದೆ ಸರಿದಿಲ್ಲವೆಂದು ತಿಳಿಯಬಹುದು. ತಿರುಚನ್ನು ಮಾತ್ರ ನೀರ್ಮಟ್ಟದಿಂದ ಬೇರೆಯಾಗಿ ನೋಡಬೇಕು. ನಾಲ್ಕು ಮನೆ ಕಟ್ಟಿದ ಗೌಂಡಿಯೊಬ್ಬನು ಈ ಕೆಲಸದಲ್ಲಿ ಅನೇಕ ಗ್ಯಾರೇಜುಗಳವರನ್ನು ನಾಚಿಸಬಲ್ಲನೆಂದು ನನಗೆ ತೋರಿತು.

“ಇಷ್ಟೇಕೆ ರಗಳೆ, ಗುಜರಿಯಿಂದ ಬೇರೆ ಚಾಸಿ ತಂದರಾಯಿತು” ಎಂದನು ತಮ್ಮ. ಚಾಸಿಯ ಮೇಲೆ ಕೊರೆದ ಸಂಖ್ಯೆಯೇ ಗಾಡಿಯ ಗುರುತು. ನೋಂದಣಿ ಪತ್ರವೂ ವಿಮೆಯೂ ಅದನ್ನೇ ನಂಬಿರುವುವು. ಅಧಿಕಾರಿಗಳ ಮುಂಚಿನ ಅನುಮತಿಯಿಲ್ಲದೆ ಅದನ್ನು ಬದಲಿಸಲಾಗದು. ಸಂಖ್ಯೆಯನ್ನು ಕತ್ತರಿಸಿ ಇನ್ನೊಂದಕ್ಕೆ ಅಂಟಿಸುವುದಂತೂ ಅಪರಾಧವೇ ಸರಿ. 2021ರ ಕೇಂದ್ರ ನಿಯಮಗಳು 50 ವರ್ಷ ಮೀರಿದ ಖಾಸಗಿ ಗಾಡಿಗಳಿಗೆ ‘ವಿಂಟೇಜ್’ ಎಂಬ ನೋಂದಣಿಯನ್ನು ಕಲ್ಪಿಸಿವೆ. ಅಲ್ಲಿಯೂ ಚಾಸಿ, ಮೈ, ಎಂಜಿನುಗಳು ಹೆಚ್ಚಾಗಿ ಮಾರ್ಪಟ್ಟಿರಬಾರದೆಂಬ ಕಟ್ಟಳೆಯುಂಟು. ಅಂತಹ ಗಾಡಿಯನ್ನು ಪ್ರದರ್ಶನಕ್ಕೆ ಒಯ್ಯಬಹುದೇ ಹೊರತು ಬಾಡಿಗೆಗೆ ಹೂಡುವಂತಿಲ್ಲ.

ಕರ್ಣಗಳು ಸಮವಾಗಿಯೇ ಬಂದುವು. ಅದನ್ನು ಕೇಳಿ, ಇದುವರೆಗೆ ಬಾಗಿಲಲ್ಲಿ ಸುಮ್ಮನೆ ನಿಂತಿದ್ದ ನಮ್ಮ ತಾಯಿಯು, “ಗಾಡಿ ರಿಪೇರಿ ಆದ್ರ ಹುಣ್ಣಿವಿಗೆ ಇದರಾಗ ಮಂದಿನ್ನ ತುಂಬಕೊಂಡು ಗಾಣಗಾಪುರಕ್ಕ ಹೋಗತೀರೇನು?” ಎಂದು ಕೇಳಿದಳು. ತಮ್ಮನು ಉತ್ತರಕೊಡಲಿಲ್ಲ. ಮೊದಲು ಹಾಗೆ ಹೋದ ದಿನಗಳು ನನಗೂ ನೆನಪಿದ್ದುವು: ಹಿಂದಿನ ಪೆಟ್ಟಿಗೆಯಲ್ಲಿ ನಾವು ಮಕ್ಕಳೆಲ್ಲರೂ, ಕೆಳಗೆ ನಾವು ಅರಿಯದಿದ್ದ ಆ ಬಿರುಕು.

“ಇಲ್ಲವ್ವಾ, ತೊಗರಿ ಚೀಲ ಅಷ್ಟ” ಎಂದೆ ನಾನು.

ಹಳೆಯ ತೇಪೆಯನ್ನು ಕಿತ್ತು ಹೊಸದನ್ನು ಹಚ್ಚುವ ಕೆಲಸಕ್ಕೆ ಮಿಸ್ತ್ರಿಗೆ ಮೂರು ದಿನ ಹಿಡಿಯಿತು. ಈಗ ಚಾಸಿಯು ಕೆಂಪು ಆಕ್ಸೈಡನ್ನು ಬಳಿದುಕೊಂಡು ಬೇವಿನ ನೆರಳಿನಲ್ಲಿ ಆರುತ್ತಿದೆ. ನೀಲಿ ಬಣ್ಣದ ಡಬ್ಬಿಯು ಇನ್ನೂ ಅಟ್ಟದ ಮೇಲಿದೆ.