ಗರಡಿಯ ಕಾಳಗವೂ ಆತ್ಮರಕ್ಷಣೆಯೂ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಗರಡಿಮನೆಯ ಸಾಧನೆ ಬಹುಕಾಲದಿಂದ ನಡೆದುಬಂದಿದೆ. ಜಾತ್ರೆಯ ಕುಸ್ತಿಗಳಿಗೆ ಜನರು ಇಂದಿಗೂ ಕಿಕ್ಕಿರಿದು ಸೇರುತ್ತಾರೆ. ನಮ್ಮ ನಾಡಿನ ಶಾಲೆಗಳಲ್ಲಿ ಬಾಲಕಿಯರಿಗೆ ಕರಾಟೆಯನ್ನು ಕಲಿಸುವ ರೂಢಿಯೂ ಈಚೆಗೆ ಬೆಳೆದಿದೆ. ಇವುಗಳಲ್ಲಿ ಪಳಗಿದವರು ಬೀದಿಯಲ್ಲಿ ಒದಗುವ ಆಪತ್ತಿನಿಂದಲೂ ಪಾರಾಗಬಲ್ಲರೆಂದು ವಿದ್ಯಾರ್ಥಿಗಳು ಸಾಮಾನ್ಯವಾಗಿ ನಂಬುತ್ತಾರೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಇಲ್ಲಿ ವಿಚಾರಿಸೋಣ.

ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದದ ಪ್ರಕರಣವೊಂದುಂಟು. ಅಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗನುಸಾರವಾಗಿ ವಿಂಗಡಿಸಿದೆ. ಸಮಬಲರ ಜೋಡಿ ಹಚ್ಚುವುದು ಇಂದಿಗೂ ಕುಸ್ತಿಯ ಮೊದಲ ನಿಯಮ. ಕಾಳಗದ ಹೊತ್ತು ಇಬ್ಬರಿಗೂ ಗೊತ್ತು. ಕಾಲಡಿಯಲ್ಲಿ ಹದಗೊಳಿಸಿದ ಮೆತ್ತನೆಯ ಮಣ್ಣಿರುತ್ತದೆ. ಅಪಾಯದ ಹಿಡಿತವನ್ನು ಬಿಡಿಸಲು ಉಸ್ತಾದರು ಹತ್ತಿರವೇ ನಿಂತಿರುತ್ತಾರೆ. ಎದುರಾಳಿಯು ಚಿತ್ ಆದೊಡನೆ ಕಾಳಗ ಮುಗಿಯುತ್ತದೆ. ಕರಾಟೆಯ ಜೋಡಿ ಅಭ್ಯಾಸದಲ್ಲಿಯೂ ಜೊತೆಗಾರನ ಏಟು ಯಾವ ಕಡೆಯಿಂದ ಬರುವುದೆಂಬುದು ಬಹುಮಟ್ಟಿಗೆ ಮೊದಲೇ ನಿಶ್ಚಿತ.

ಬೀದಿಯಲ್ಲಿ ಈ ಒಪ್ಪಂದಗಳಲ್ಲಿ ಒಂದೂ ಇರುವುದಿಲ್ಲ. ಹೊತ್ತನ್ನೂ ಸ್ಥಳವನ್ನೂ ಆಕ್ರಮಣಕಾರನೇ ಆರಿಸುತ್ತಾನೆ. ಅವನ ಸಂಗಡಿಗರು ಮರೆಯಲ್ಲಿರಬಹುದು, ಕೈಯಲ್ಲಿ ಚೂರಿಯೂ ಇರಬಹುದು. ಒಬ್ಬನನ್ನು ನೆಲಕ್ಕೆ ಕೆಡವಿ ಅದುಮಿ ಹಿಡಿಯುವುದು ಕಣದಲ್ಲಿ ಗೆಲುವಿನ ದಾರಿ. ಬೀದಿಯಲ್ಲಿ ಹಾಗೆ ಹಿಡಿದವನ ಬೆನ್ನು ಎರಡನೆಯವನಿಗೆ ಗುರಿಯಾಗುತ್ತದೆ. ಭಯದಿಂದ ಎದೆಬಡಿತ ಏರಿ, ಕೈ ನಡುಗಿ, ದೃಷ್ಟಿ ಕಿರಿದಾಗುವುದರಿಂದ ಬೆರಳುಗಳ ಸೂಕ್ಷ್ಮ ಚಲನೆಯನ್ನು ಬೇಡುವ ಪಟ್ಟುಗಳು ಕೈಕೊಡುತ್ತವೆ. ಇಷ್ಟಲ್ಲದೆ, ಅತ್ಯಾಚಾರದ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಪರಿಚಿತರೇ ಎಂಬುದನ್ನು ಸರ್ಕಾರದ ಅಪರಾಧ ದಾಖಲೆಗಳು ತೋರಿಸುತ್ತವೆ. ನಂಬಿದವನ ಮೇಲೆ ಕೈಯೆತ್ತಲು ಮನಸ್ಸು ಹಿಂಜರಿಯುವುದಕ್ಕೆ ಯಾವ ಪಟ್ಟಿನಲ್ಲಿಯೂ ಉತ್ತರವಿಲ್ಲ.

ಕಣದಲ್ಲಿ ಮೊದಲು ನೋಡುವ ಸಮಬಲವು ಕಣದ ಹೊರಗೆ ಇಲ್ಲವಾದಾಗ ಏನಾಗುವುದೆಂಬುದಕ್ಕೆ ಮುಧೋಳ ಸೀಮೆಯ ಹಲಗಲಿಯೇ ಸಾಕ್ಷಿ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಬ್ರಿಟಿಷರ ಆಜ್ಞೆಯನ್ನು ಅಲ್ಲಿಯ ಬೇಡರು ಧಿಕ್ಕರಿಸಿದರು. ಶಸ್ತ್ರಾಭ್ಯಾಸದಲ್ಲಿಯೂ ಧೈರ್ಯದಲ್ಲಿಯೂ ಅವರಿಗೆ ಕೊರತೆಯಿರಲಿಲ್ಲ. ಆದರೆ ಎದುರು ಬಂದುದು ಸರ್ಕಾರದ ಸೈನ್ಯ. ಊರಿಗೆ ಬೆಂಕಿ ಬಿದ್ದಿತು. ಹಲವರು ಹೋರಾಡಿ ಮಡಿದರು. ಸೆರೆಸಿಕ್ಕವರಲ್ಲಿ ಕೆಲವರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಅವರ ಶೌರ್ಯವನ್ನು ಲಾವಣಿಗಳು ಉಳಿಸಿವೆ. ಶೌರ್ಯವಿದ್ದಲ್ಲಿ ರಕ್ಷಣೆಯೂ ಇದ್ದೇ ಇರುವುದೆಂದು ಮಾತ್ರ ಈ ಘಟನೆಯಿಂದ ಹೇಳಲಾಗದು.

ಕಾನೂನಿನ ದೃಷ್ಟಿಯೂ ಇಲ್ಲಿ ಗಮನಾರ್ಹ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕುರಿತವು. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುವ ಹಕ್ಕು ಯಾರಿಗೂ ಇಲ್ಲ. ಅಧಿಕಾರಿಗಳ ಮೊರೆಹೋಗಲು ಕಾಲಾವಕಾಶವಿದ್ದಲ್ಲಿ ಈ ಹಕ್ಕೇ ಹುಟ್ಟುವುದಿಲ್ಲ. ಆದುದರಿಂದ ಓಡಿಹೋಗುತ್ತಿರುವವನನ್ನು ಬೆನ್ನಟ್ಟಿ ಕೆಡವಿದ ಪೈಲ್ವಾನನು ಕಣದಲ್ಲಿ ಹೊಗಳಿಕೆಗೆ ಪಾತ್ರನಾದರೂ ನ್ಯಾಯಾಲಯದಲ್ಲಿ ತಾನೇ ಆರೋಪಿಯಾಗಬಹುದು.

ಹಾಗಾದರೆ ಗರಡಿಯ ಸಾಧನೆ ವ್ಯರ್ಥವೇ? ಅಲ್ಲವೆಂದೇ ನಮ್ಮ ಅಭಿಪ್ರಾಯ. ದಮ್ಮು, ಮೈಯ ಸಮತೋಲ, ಪೆಟ್ಟಾಗದಂತೆ ಬೀಳುವ ರೀತಿ, ಹಿಡಿತಕ್ಕೆ ಸಿಕ್ಕಾಗಲೂ ಕಂಗೆಡದಿರುವುದು, ಇವು ಎಲ್ಲಿಯೂ ಉಪಯೋಗಕ್ಕೆ ಬರುತ್ತವೆ. ಆದರೆ ಇವುಗಳ ಜೊತೆಗೆ ಬೇರೊಂದು ಪಾಠ ಬೇಕು: ಅಪಾಯವನ್ನು ಮುಂಚೆಯೇ ಗುರುತಿಸುವುದು, ಅಂತರವನ್ನು ಕಾಯ್ದುಕೊಳ್ಳುವುದು, ಗಟ್ಟಿಯಾಗಿ ಕೂಗುವುದು, ಬಿಡಿಸಿಕೊಂಡೊಡನೆ ಓಡುವುದು, 112ಕ್ಕೆ ಕರೆಮಾಡುವುದು. ಕಣದಲ್ಲಿ ಓಡಿದವನು ಸೋತವನು. ಬೀದಿಯಲ್ಲಿ ಓಡಿ ಮನೆ ಸೇರಿದವನು ಗೆದ್ದವನು. ಕಾಲೇಜುಗಳಲ್ಲಿ ಇಂತಹ ತರಬೇತಿಯನ್ನು ಏರ್ಪಡಿಸುವ ಅಧ್ಯಾಪಕರು ಈ ಭೇದವನ್ನು ಮೊದಲ ದಿನವೇ ವಿದ್ಯಾರ್ಥಿಗಳಿಗೆ ತಿಳಿಸಿಕೊಡುವುದು ಅವಶ್ಯ.