ಸಮುದ್ರವಿಲ್ಲದ ಜಿಲ್ಲೆಯಲ್ಲಿ ಕಡಲಕ್ಕಿಗೆ ಹುಡುಕಾಟ!

ತಿಕೋಟಾ: ಸಮುದ್ರ ನೋಡಬೇಕಂದ್ರ ಇಲ್ಲಿನ ಮಂದಿ ಗೋವೆಗೋ ಕಾರವಾರಕ್ಕೋ ಬಸ್ಸು ಹತ್ತಬೇಕು. ಆದರೆ ಸಮುದ್ರದ ಹಕ್ಕಿ ನೋಡಲು ಅಷ್ಟು ದೂರ ಹೋಗುವ ಗರಜು ಇಲ್ಲ ಎಂದರೆ ಅಂಗಡಿ ಕಟ್ಟೆಯ ಮೇಲೆ ಕೂತವರು ನಕ್ಕಾರು. ನಗಲಿ ಬಿಡಿ! ಪಕ್ಕದ ಸೋಲಾಪುರ ಜಿಲ್ಲೆಯ ಉಜನಿ ಜಲಾಶಯಕ್ಕೆ ಚಳಿಗಾಲದಲ್ಲಿ ಕಂದುತಲೆಯ ಕಡಲಕ್ಕಿಗಳು ಬಂದಿಳಿಯುತ್ತವೆ. ಉಜನಿ ಕಟ್ಟಿರುವುದು ಭೀಮಾ ಹೊಳೆಗೆ. ಅದೇ ಭೀಮೆ ಮುಂದೆ ವಿಜಯಪುರ ಜಿಲ್ಲೆಯ ಉತ್ತರದ ಗಡಿಗುಂಟ ಹರಿಯುತ್ತಾಳೆ. ದಕ್ಷಿಣಕ್ಕೆ ಕೃಷ್ಣೆ, ಆಲಮಟ್ಟಿಯ ಹಿನ್ನೀರು. ಈ ಎರಡು ದೊಡ್ಡ ನೀರಿನ ನಡುವೆ ಇವೆ ತಿಕೋಟಾ, ಬಬಲೇಶ್ವರ ಭಾಗದ ಕೆರೆಗಳು. ರೆಕ್ಕೆ ಇದ್ದವಕ್ಕೆ ಇದೆಷ್ಟರ ದಾರಿ?

ಮೊದಲು ಈ ಮಾತು ಆಡುವಂತಿರಲಿಲ್ಲ. ಬರ ಬಿದ್ದ ವರ್ಷ ದ್ರಾಕ್ಷಿ ಪಡಗಳಿಗೆ ಟ್ಯಾಂಕರಿನಲ್ಲಿ ನೀರು ತಂದು ಹೊಯ್ದ ಸೀಮೆ ಇದು. ಕೆರೆ ಅಂದರೆ ಬಿರುಕು ಬಿಟ್ಟ ನೆಲ, ಹುಡುಗರ ಕ್ರಿಕೆಟ್ ಮೈದಾನ. ಕಳೆದ ದಶಕದಲ್ಲಿ ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರು ಮೇಲಕ್ಕೇರಿ ಬಂತು. ಕೆರೆಗಳು ತುಂಬಿದವು. ಗೋಳಗುಮ್ಮಟದ ಮಹಮ್ಮದ್ ಆದಿಲಶಾಹನ ಕಾಲದ ಮಮದಾಪುರದ ಕೆರೆಯೂ ಈ ಸೀಮೆಯದೇ. ನೀರು ನಿಂತಲ್ಲಿ ಹಕ್ಕಿ ಇಳಿಯುವುದು ಹೊಸದೇನಲ್ಲ.

ಬಾಲ ನೋಡ್ರಿ, ಬಾಲ!

ಹುಡುಕುವವರು ಮೊದಲು ಮೋಸ ಹೋಗುವುದು ರೀವ ಹಕ್ಕಿಯಿಂದ. ಹೊಳೆ ಮೇಲೆ ತೇಲಾಡುವ, ಹಳದಿ ಕೊಕ್ಕಿನ ಬೂದು ಬಿಳುಪಿನ ಹಕ್ಕಿ ಅದು. ಇಲ್ಲಿಯದೇ, ವರ್ಷವಿಡೀ ಇರುತ್ತದೆ. ದೂರದಿಂದ ಎರಡೂ ಒಂದೇ ಕಂಡಾವು. ರೀವದ ಬಾಲ ಕತ್ತರಿ, ಕಡಲಕ್ಕಿಯದು ಬೀಸಣಿಗೆ. ರೀವ ನೀರಿನ ಮೇಲೆ ಕೂಡುವುದು ಅಪರೂಪ. ಕಡಲಕ್ಕಿ ಬಾತಿನ ಹಾಗೆ ಆರಾಮಾಗಿ ತೇಲುತ್ತ ಕೂತಿರುತ್ತದೆ. ಹೆಸರಿಗೆ ಕಂದುತಲೆ ಇದ್ದರೂ ಚಳಿಗಾಲದಲ್ಲಿ ತಲೆ ಬೆಳ್ಳಗಾಗಿ ಕಣ್ಣಿನ ಹಿಂದೆ ಕಪ್ಪು ಚುಕ್ಕೆಯೊಂದೇ ಉಳಿದಿರುತ್ತದೆ. ಹೆಸರು ಕೇಳಿ ಹುಡುಕಿದರೆ ಸಿಗುವುದೇ ಇಲ್ಲ! ಅದು ಮೊಟ್ಟೆ ಇಡುವುದೂ ಕಡಲಿನಲ್ಲಲ್ಲ. ಟಿಬೆಟ್, ಲಡಾಖಿನ ಎತ್ತರದ ಸರೋವರಗಳಲ್ಲಿ. ಅದರ ಜೊತೆಗೆ ಹದ್ದಿನ ಗಾತ್ರದ ಒಂದು ಕಂಡರೆ ಕೊಕ್ಕು ನೋಡಬೇಕು. ಹಳದಿ ಕೊಕ್ಕಿಗೆ ಕಪ್ಪು ಪಟ್ಟಿ, ತುದಿಗೆ ಕೆಂಪು ಇದ್ದರೆ ಅದು ಇನ್ನೂ ಅಪರೂಪದ ದೊಡ್ಡ ಕಡಲಕ್ಕಿ.

ಬಾತುಗಳ ಕಥೆ ಬೇರೆ. ಹಣೆಗೆ ಬಿಳಿ ನಾಮದ ಕಪ್ಪು ನಾಮದ ಕೋಳಿಗಳ ಹಿಂಡನ್ನು 'ಇವೇ ಬಿಡು' ಎಂದು ದಾಟಿಸಬಾರದು. ನಡುವೆ ಕೆಂದಲೆ ಬಾತು ಮುಳುಗಿ ಏಳುತ್ತಿರಬಹುದು. 2015ರಿಂದ ಜಗತ್ತಿನ ಅಪಾಯದ ಪಟ್ಟಿಯಲ್ಲಿರುವ ಜಾತಿ ಅದು. ತಲೆ ಮೇಲೆ ಎರಡು ಕಪ್ಪು ಪಟ್ಟೆಯ ಹೆಬ್ಬಾತು ಹಿಮಾಲಯ ದಾಟಿ ಬರುವಂಥದ್ದು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತು ಮೈಸೂರು ಜಿಲ್ಲೆಯ ಹದಿನಾರು ಕೆರೆಯಲ್ಲಿ ಕಂಡದ್ದುಂಟು.

ತುಂಬಿದರೂ ಕಷ್ಟ!

ಹಿಂದೆ ಕೆರೆಯ ಮಟ್ಟ ಮಳೆಯ ಕೈಯಲ್ಲಿತ್ತು, ಈಗ ಮೋಟಾರಿನ ಕೈಯಲ್ಲಿದೆ. ಜನರ ನೀರು ಮೊದಲು, ಅದರಲ್ಲಿ ತಕರಾರಿಲ್ಲ. ಆದರೆ ಕೆರೆ ಕೋಡಿಯ ತನಕ ತುಂಬಿದ್ದರೆ ದಂಡೆಯ ಕೆಸರು ಮುಳುಗಿ ಮೇಯುವ ಬಾತುಗಳಿಗೆ, ನಡೆಯುವ ಹಕ್ಕಿಗಳಿಗೆ ಜಾಗವೇ ಇಲ್ಲ. ಪೂರಾ ಒಣಗಿದರಂತೂ ಕಥೆ ಮುಗಿಯಿತು. ದಂಡೆಯ ಮಣ್ಣು ಎತ್ತುವಾಗ, ಅಂಚು ಒತ್ತುವಾಗ 'ಇಲ್ಲಿ ಹಕ್ಕಿ ಬರ್ತಾವ' ಎಂದರೆ 'ಎಲ್ಲಿ ಬರ್ತಾವ, ಕಾಗದ ತೋರಸ್ರಿ' ಎನ್ನುವವರೇ ಹೆಚ್ಚು. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತಿದೆ. ಆ ಕಾಗದ ಹುಟ್ಟುವುದು ಅಲ್ಲಿ. ಹೆಬ್ಬಾತುಗಳ ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ವರ್ಷ ವರ್ಷ ಎಣಿಸಿದ ಲೆಕ್ಕ ಅಂಥ ಪಟ್ಟಿಗೆ ಏರಲು ಕೆರೆಗೆ ನೆರವಾಗುತ್ತದೆ.

ನೋಡುವವರು ಬೆಳಗಿನ ಮೊದಲ ಬಸ್ಸಿಗೆ ಹೋಗಬೇಕು, ಸೂರ್ಯ ಬೆನ್ನಿಗಿರಬೇಕು. ಮೊಬೈಲ್ ಹಿಡಿದು ಹತ್ತಿರ ನುಗ್ಗಿ ಎಬ್ಬಿಸಬಾರದು. ಕಡಲಕ್ಕಿ ಕಾಣದಿದ್ದರೆ ಚೀಟಿಯ ಮೇಲೆ ಸೊನ್ನೆ ಬರೆದು, ರೀವ ಎಷ್ಟು, ನಾಮದ ಕೋಳಿ ಎಷ್ಟು ಎಂದು ಹಾಕಿದರಾಯಿತು. ಮಾರ್ಚಿನ ಬಿಸಿಲು ಏರುವ ಹೊತ್ತಿಗೆ ಹೊರಗಿನವು ಹೊರಟುಬಿಡುತ್ತವೆ.